ಫೆಬ್ರವರಿಯಲ್ಲಿ ಬಂದವನು

ವಿಮಾನದಿಂದಿಳಿದ ಮೊದಲ ಉಸಿರಿಗೇ
ಮೂಗಿನೊಳಗಿನ ಕೂದಲು ಗಟ್ಟಿಯಾಯಿತು.
ಮೈನಸ್ ಹತ್ತೊಂಬತ್ತು, ಎಂದಿತು ಬಸ್ಸಿನ ಫಲಕ
ಮುಂದಿನ ನಿಲ್ದಾಣದ ಹೆಸರು ಹೇಳುವಷ್ಟೇ ನಿರಾಳವಾಗಿ.

ಕಿತಾಮಿ.
ನಕ್ಷೆಯ ಮೇಲೆ ಕಿರುಬೆರಳಿಟ್ಟರೆ ಮುಚ್ಚಿಹೋಗುವ ಊರು.
ಒಸಾಕಾದ ನಮ್ಮ ಸೂಪಿನ ಪೊಟ್ಟಣಗಳಲ್ಲಿ
ಹದಿನೇಳು ವರ್ಷ ಇಲ್ಲಿಯ ಈರುಳ್ಳಿ ಕುದಿದಿದೆ.
ಇನ್ನು ಸಾಕು ಎನ್ನಲು ನಾನು ಬಂದಿದ್ದೆ:
ಎರಡು ದಿನದ ಭತ್ಯೆ, ಒಂದು ಲಕೋಟೆ,
ಒಳಗೆ ಮೂರು ಸಾಲು,
ಮೂರರಲ್ಲಿ ಎರಡು ಬರೀ ಹವಾಮಾನದ ಕುಶಲ.

ಹೋಟೆಲಿನ ಹೆಂಗಸು, ಎದೆಯ ಬಿಲ್ಲೆಯಲ್ಲಿ ಕುಡೋ ಎಂದಿತ್ತು,
ಮುಖಕ್ಕಿಂತ ಮೊದಲು ನನ್ನ ಬೂಟು ನೋಡಿದಳು.
'ಇದರಲ್ಲಿ ನಡೆಯುವುದಾದರೆ, ಆಸ್ಪತ್ರೆ ಆ ಕಡೆ.'
ಮೇಜಿನಡಿಯಿಂದ ತೆಗೆದುಕೊಟ್ಟಳು
ಎರಡು ರಬ್ಬರ್ ಪಟ್ಟಿ, ಅಡಿಗೆ ಕಬ್ಬಿಣದ ಹಲ್ಲು.
'ಹೋಗುವಾಗ ಕೊಟ್ಟರಾಯಿತು.'

ಕೋಣೆಯೊಳಗೆ ಬೇಸಿಗೆ. ಬನಿಯನ್ನಿನಲ್ಲಿ ಕೂತು ಬೆವರಿದೆ.
ಕನ್ನಡಿಗೆ ಹೇಳಿದೆ: ಅತ್ಯಂತ ವಿಷಾದದಿಂದ.
ಕನ್ನಡಿಗೆ ಹೇಳಿದೆ: ಅನಿವಾರ್ಯ ಕಾರಣಗಳಿಂದ.
ಮೂರು ಗಂಟೆಗೆ ಹಿಮ ತೆಗೆಯುವ ಯಂತ್ರ ಬಂದು
ಬೀದಿಯನ್ನು ಸೀದ ಬಾಣಲೆಯಂತೆ ಕೆರೆಯಿತು,
ಆಮೇಲೆ ಕನ್ನಡಿ ನನ್ನ ಮಾತು ಕೇಳಲಿಲ್ಲ.

ಬೆಳಿಗ್ಗೆ ಇಗಾರಾಶಿಯವರ ಗೋದಾಮು.
'ಸೊನ್ನೆಯಲ್ಲಿಡಬೇಕು,' ಎಂದರು, ಬಾಗಿಲು ಸರಿಸಿ,
'ನಿಮ್ಮೂರಲ್ಲಿ ತಣ್ಣಗಿರಲೆಂದು ಫ್ರಿಜ್ಜು,
ನಮ್ಮಲ್ಲಿ ಬೆಚ್ಚಗಿರಲೆಂದು.'
ಕತ್ತಲಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ,
ಕಣ್ಣು ಮುಚ್ಚಿ ಕೂತಿದ್ದವು ಸಾವಿರಾರು ಬೋಳುತಲೆಗಳು.
ಮೂಲೆಯಲ್ಲಿ ಅವರ ಅತ್ತಿಗೆ ಫುಮಿಯೆ
ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಒತ್ತಿ,
ಈ ಬುಟ್ಟಿಗೆ, ಆ ಬುಟ್ಟಿಗೆ.

ಚಹಾ ಬಂತು. ಆರಿತು.
ಗಂಟಲಿಗೆ ಅಂಟಿದ ಸಿಪ್ಪೆ
ಒಳಗೂ ಹೋಗದು, ಹೊರಗೂ ಬಾರದು.

'ನೀವು ಹೇಳುವುದು ಬೇಡ ಬಿಡಿ,' ಎಂದರು ಇಗಾರಾಶಿ.
'ಒಳ್ಳೆಯ ಸುದ್ದಿ ಇದ್ದವರು ಜುಲೈಯಲ್ಲಿ ಬರುತ್ತಾರೆ.
ಹೊಲ ಸುತ್ತುತ್ತಾರೆ, ಬಿಯರ್ ಕುಡಿಯುತ್ತಾರೆ,
ಹೆಂಡತಿ ಮಕ್ಕಳನ್ನೂ ಕರೆತರುತ್ತಾರೆ.
ಫೆಬ್ರವರಿಯಲ್ಲಿ ಒಬ್ಬರೇ ಬರುವವರ ಕೈಯಲ್ಲಿ
ಲಕೋಟೆ ಇರುತ್ತದೆ.'

ಕೊಟ್ಟೆ, ಎರಡೂ ಕೈಯಲ್ಲಿ ಹಿಡಿದು.
ಹವಾಮಾನದ ಸಾಲುಗಳನ್ನು ಅವರು ಎರಡು ಸಲ ಓದಿದರು.
'ಅತ್ತಿಗೇ, ಒಸಾಕಾದಲ್ಲಿ ಆಗಲೇ ಪ್ಲಮ್ ಹೂ ಬಿಟ್ಟಿದೆಯಂತೆ!'
'ಹೌದಾ,' ಎಂದಳಾಕೆ.
ಕೈಯಲ್ಲಿದ್ದುದನ್ನು ಆ ಬುಟ್ಟಿಗೆ ಹಾಕಿದಳು.

ವಿಮಾನ ನಿಲ್ದಾಣಕ್ಕೆ ಅವರೇ ಬಿಟ್ಟರು,
ಬೇಡವೆಂದರೂ.
ದಾರಿಯುದ್ದಕ್ಕೂ ತಮ್ಮ ನಾಯಿಯ ಮಂಡಿನೋವಿನ ಮಾತು.
ಸೇತುವೆಯ ಬಳಿ ಗಾಡಿ ನಿಲ್ಲಿಸಿದರು ಒಮ್ಮೆಲೇ.
ಬಿಸಿಲಿನಲ್ಲಿ ಗಾಳಿಯೇ ಪುಡಿಪುಡಿಯಾಗಿ ಮಿನುಗುತ್ತಿತ್ತು,
ಎಲ್ಲಿಂದಲೂ ಬೀಳದ, ಎಲ್ಲಿಯೂ ಇಳಿಯದ ಮಿನುಗು.
'ನೋಡಿಕೊಳ್ಳಿ, ಇದಕ್ಕೆ ದರಪಟ್ಟಿ ಇಲ್ಲ.'
ನಕ್ಕರೋ, ಕೆಮ್ಮಿದರೋ.

ತಪಾಸಣೆಯಲ್ಲಿ ಬೂಟು ಬಿಚ್ಚಿಸಿದಾಗಲೇ ಕಂಡದ್ದು:
ಕುಡೋ ಬಾಯಿಯ ಆ ಹಲ್ಲುಗಳು
ಇನ್ನೂ ನನ್ನ ಕಾಲಡಿಗೇ ಇವೆ.

ಈಗ ಒಸಾಕಾದಲ್ಲಿದ್ದೇನೆ.
ಅಂಚೆ ಕಚೇರಿಗೆ ಎರಡು ಸಲ ಹೋಗಿ ಬಂದೆ.
ತೂಕ ಇನ್ನೂರ ಹತ್ತು ಗ್ರಾಂ.
ಬರೀ ರಬ್ಬರು ಕಳಿಸಲಾದೀತೆ? ಒಂದು ಚೀಟಿ ಬೇಕು.
ಮೊದಲ ಸಾಲು: ಇಲ್ಲಿ ಪ್ಲಮ್ ಹೂ ಉದುರತೊಡಗಿದೆ.
ಎರಡನೆಯದು: ಅಲ್ಲಿನ್ನೂ ಚಳಿ ಬಿಟ್ಟಿರಲಿಕ್ಕಿಲ್ಲ.
ಮೂರನೆಯದಕ್ಕೆ ಪೆನ್ನು ಎತ್ತುವಷ್ಟರಲ್ಲಿ
ಯಾರೋ ಕರೆಯುತ್ತಾರೆ, ಫೋನು ಬರುತ್ತದೆ,
ಹೊಸ ಈರುಳ್ಳಿಯ ಮಾದರಿ ಬರುತ್ತದೆ, ಅಗ್ಗದ್ದು, ದೂರದ್ದು.

ಮೇಜಿನ ಖಾನೆ ಎಳೆದಾಗಲೆಲ್ಲ
ಒಳಗಿನಿಂದ ಕಟಕಟ.
ಚಳಿಗೆ ನಡುಗುತ್ತಿವೆಯೋ,
ಹಲ್ಲು ಕಡಿಯುತ್ತಿವೆಯೋ,
ಮೆಲ್ಲಗೆ ಖಾನೆ ಮುಚ್ಚುತ್ತೇನೆ.